ಗರ್ಭದೊಳಗಿಟ್ಟರೂ ಹಳೇ ಚರ್ಮ ಹಳೇದೇ

ಯೋಹಾನ 3ನೇ ಅಧ್ಯಾಯ ತೆಗೆಯಿರಿ. ನಿಕೊದೇಮ ರಾತ್ರಿ ವೇಳೆ ಯೇಸು ಸ್ವಾಮಿ ಹತ್ರ ಬಂದ. ವಯಸ್ಸಾದವನು ತಿರುಗಿ ತಾಯಿಯ ಗರ್ಭಕ್ಕೆ ಹೋಗೋಕಾಗುತ್ತಾ ಅಂತ ಕೇಳಿದ. ನಾವು ಓದಿ ನಗ್ತೀವಿ. ಆದರೆ ಒಂದು ವಿಷಯ ಹೇಳ್ತೀನಿ, ಗಮನ ಕೊಡಿ.

ಹೊಳೆನರಸೀಪುರದಲ್ಲಿ ಭತ್ತ ಕೊಯ್ಯುವಾಗ ಕುಡುಗೋಲು ತಾಗಿರುತ್ತೆ. ಚನ್ನರಾಯಪಟ್ಟಣದಲ್ಲಿ ಎಳನೀರು ಕೆತ್ತುವಾಗ ಮಚ್ಚು ತಾಗಿರುತ್ತೆ. ಗಾಯ ವಾಸಿಯಾಗುತ್ತೆ, ಕಲೆ ಉಳಿಯುತ್ತೆ. ಆ ಜಾಗದಲ್ಲಿ ಕೂದಲು ಹುಟ್ಟಲ್ಲ, ಬೆವರು ಬರಲ್ಲ. ಆದರೆ ತಾಯಿಯ ಹೊಟ್ಟೆಯಲ್ಲಿರುವ ಕೂಸಿನ ಚರ್ಮ ಹಾಗಲ್ಲ. ಸುಮಾರು 24 ವಾರಗಳ ತನಕ ಅದಕ್ಕೆ ಗಾಯವಾದರೆ ಕಲೆಯೇ ಇಲ್ಲದೆ ಕೂಡಿಕೊಳ್ಳುತ್ತೆ. ದೇವರಿಗೆ ಸ್ತೋತ್ರ!

ಯಾಕೆ ಹೀಗೆ? ಗರ್ಭದ ನೀರು, ಬಿಸುಪು, ಕ್ರಿಮಿಗಳಿಲ್ಲದ ಜಾಗ, ಇದೇ ಕಾರಣ ಇರಬಹುದಾ? ಅಮೆರಿಕದ ಮೈಕಲ್ ಲಾಂಗೇಕರ್ ಮತ್ತು ಅವರ ಜೊತೆಗಾರರು ಪರೀಕ್ಷೆ ಮಾಡಿ 1994ರಲ್ಲಿ ಪ್ರಕಟಿಸಿದರು. ದೊಡ್ಡ ಕುರಿಯ ಚರ್ಮ ತೆಗೆದು, ಗರ್ಭದಲ್ಲಿರುವ ಮರಿಯ ಬೆನ್ನಿಗೆ ಕಸಿ ಮಾಡಿದರು. ಆಮೇಲೆ ಎರಡೂ ಚರ್ಮಕ್ಕೆ ಗಾಯ ಮಾಡಿ ನೋಡಿದರು. ಒಂದೇ ಗರ್ಭ, ಒಂದೇ ನೀರು, ಒಂದೇ ರಕ್ತ. ಮರಿಯ ಚರ್ಮ ಕಲೆಯಿಲ್ಲದೆ ವಾಸಿಯಾಯಿತು. ದೊಡ್ಡ ಕುರಿಯ ಚರ್ಮದಲ್ಲಿ ಮಾತ್ರ ಕಲೆ ಬಂತು!

ಅರ್ಥವಾಯ್ತಾ? ಜಾಗ ಬದಲಾಯಿತು, ಸ್ವಭಾವ ಬದಲಾಗಲಿಲ್ಲ. ಯೇಸು ಸ್ವಾಮಿ ನಿಕೊದೇಮನಿಗೆ ತೋರಿಸಿದ್ದೂ ಇದನ್ನೇ. ಗರ್ಭಕ್ಕೆ ವಾಪಸ್ ಹೋದರೂ ಪ್ರಯೋಜನವಿಲ್ಲ, ಆತ್ಮನಿಂದ ಹುಟ್ಟಬೇಕು.

ನಾವು ಹಾಸನದಿಂದ, ಅರಕಲಗೂಡಿನಿಂದ ಬಸ್ಸು ಹತ್ತಿ ಪ್ರತಿ ಭಾನುವಾರ ಸಭೆಗೆ ಬರ್ತೀವಿ. ಒಳ್ಳೇ ಜಾಗ, ಒಳ್ಳೇ ಹಾಡು. ಆದರೆ ಜಮೀನು ಭಾಗವಾದಾಗ ಆದ ಗಾಯ? ಅಣ್ಣ ಈ ಕಡೆ ಕೈ ಎತ್ತಿ ಸ್ತುತಿಸ್ತಾನೆ, ತಮ್ಮ ಆ ಕಡೆ. ಹತ್ತು ವರ್ಷದಿಂದ ಮಾತಿಲ್ಲ. ಸಭೆಯಲ್ಲಿ ಕೂತ ಮಾತ್ರಕ್ಕೆ ಹಳೇ ಚರ್ಮ ಹೊಸದಾಗಲ್ಲ, ಪ್ರಿಯರೇ.

ಇನ್ನೊಂದು ಕೇಳಿ. 2021ರಲ್ಲಿ ಅದೇ ಲಾಂಗೇಕರ್ ತಂಡ ಸ್ಟ್ಯಾನ್‌ಫರ್ಡ್‌ನಲ್ಲಿ ಇಲಿಗಳ ಮೇಲೆ ಕೆಲಸ ಮಾಡಿತು. ಗಾಯದ ಸುತ್ತ ಚರ್ಮ ಎಳೆದಾಗ ಜೀವಕೋಶದೊಳಗೆ 'ಕಲೆ ಕಟ್ಟು' ಅನ್ನೋ ಒಂದು ಸೂಚನೆ ಹೋಗುತ್ತೆ. ಕಣ್ಣಿನ ಕಾಯಿಲೆಗೆ ಕೊಡುವ ವರ್ಟೆಪೋರ್ಫಿನ್ ಔಷಧಿಯಿಂದ ಆ ಸೂಚನೆಯನ್ನು ತಡೆದರು. ಬೆಳೆದ ಇಲಿಯ ಗಾಯದಲ್ಲೂ ಕೂದಲು ಸಮೇತ ಚರ್ಮ ಬಂತು. ಒಳಗಿನ ಮಾತು ಬದಲಾದಾಗ ಹೊರಗಿನ ಚರ್ಮ ಬದಲಾಯಿತು. ನಮ್ಮ ಒಳಗೂ ಒಂದು ಮಾತು ಓಡ್ತಾ ಇರುತ್ತೆ: 'ಅವನು ಹಾಗೆ ಮಾಡಿದ, ನಾನು ಬಿಡಲ್ಲ.' ಅದನ್ನು ತಡೆಯೋದು ಪವಿತ್ರಾತ್ಮನ ಕೆಲಸ. ಕಲ್ಲಿನ ಹೃದಯ ತೆಗೆಯುತ್ತೇನೆಂದು ಯೆಹೆಜ್ಕೇಲ 36ರಲ್ಲಿ ದೇವರೇ ವಾಗ್ದಾನ ಕೊಟ್ಟಿದ್ದಾನೆ. ಆಮೆನ್?

ಹಾಗಾದರೆ ಆದದ್ದನ್ನೆಲ್ಲ ಮರೆತುಬಿಡಬೇಕಾ ಪಾಸ್ಟರ್ ಅಂತ ಕೇಳಬಹುದು. ಇಲ್ಲ. ಎದ್ದು ಬಂದ ಯೇಸುವಿನ ಕೈಯಲ್ಲೂ ಮೊಳೆಯ ಗುರುತು ಇತ್ತು, ತೋಮನಿಗೆ ತೋರಿಸಿದನು. ಗುರುತು ಇತ್ತು, ದ್ವೇಷ ಇರಲಿಲ್ಲ. ನೆನಪು ಬೇರೆ, ಗಡಸುತನ ಬೇರೆ.

ಇವತ್ತು ಮನೆಗೆ ಹೋಗುವ ಮುಂಚೆ ಯಾರ ಹೆಸರು ಮನಸ್ಸಿಗೆ ಬರ್ತಿದೆಯೋ ಅವರಿಗೆ ಒಂದು ಫೋನ್ ಮಾಡಿ. ಕಣ್ಣು ಮುಚ್ಚೋಣ. ಪ್ರಾರ್ಥಿಸೋಣ.