ಹುಡುಗಗ ಯಾಕ ನಡೆಂಗಿಲ್ಲ?

ಮೂರು ಗಾಲಿ. ಕಾಲು ಮುಂದಕ್ಕೆ ಚಾಚಿ, ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ ಕೂತು ತುಳಿಯೋ ಸೈಕಲ್. ರಿಕಂಬೆಂಟ್ ಟ್ರೈಕ್ ಅಂತ ಅದರ ಹೆಸರು. ನಮ್ಮ ರಾಜೂರಿನಲ್ಲಿ ಅದನ್ನ ಟೆಂಪೋದಿಂದ ಇಳಿಸಿದ ಹತ್ತು ನಿಮಿಷದಲ್ಲಿ ಓಣಿ ಹುಡುಗರು ಬೇರೆ ಹೆಸರಿಟ್ಟರು: ಮಲಗೋ ಸೈಕಲ್.

ಎರಡು ವರ್ಷದ ಶನಿವಾರ, ಭಾನುವಾರಗಳನ್ನ ಅದು ತಿಂದಿದೆ. ಬೆಂಗಳೂರಿನ ಬಾಡಿಗೆ ಮನೆಯ ಪಾರ್ಕಿಂಗಿನಲ್ಲಿ ಕಟ್ಟಿದ್ದು. ವೆಲ್ಡಿಂಗ್ ಕಲಿತದ್ದೂ ಅಲ್ಲೇ, ಓನರ್ ಆಂಟಿಯ ಬೈಗುಳದ ನಡುವೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬ್ರೇಕು. ಮಾಮೂಲಿ ಸೈಕಲ್ಲಿನ ಮುಂದಿನ ಗಾಲಿಯನ್ನ ಫೋರ್ಕು ಎರಡೂ ಕಡೆಯಿಂದ ಹಿಡಿದಿರುತ್ತೆ, ಬ್ರೇಕು ಆ ಫೋರ್ಕಿನ ಮೇಲೇ ಕೂರುತ್ತೆ. ನನ್ನ ಟ್ರೈಕಿನ ಮುಂದಿನ ಎರಡು ಗಾಲಿಗಳು ಕಾರಿನ ಗಾಲಿ ಥರ ಒಂದೇ ಬದಿಯ ಆಕ್ಸಲ್ ಮೇಲೆ ನಿಂತಿವೆ, ಫೋರ್ಕೇ ಇಲ್ಲ. ಡಿಸ್ಕು, ಕ್ಯಾಲಿಪರು ಅಂಗಡಿಯಲ್ಲಿ ಸಿಕ್ಕವು. ಡಿಸ್ಕನ್ನ ಹಬ್ಬಿಗೆ ಕೂಡಿಸೋ ಬಿಲ್ಲೆ, ಕ್ಯಾಲಿಪರನ್ನ ಹಿಡಿದು ನಿಲ್ಲಿಸೋ ಬ್ರ್ಯಾಕೆಟ್ಟು ಮಾತ್ರ ನಾನೇ ಮಾಡಬೇಕಾಯ್ತು. ಡಿಸ್ಕಿನ ಆರು ಬೋಲ್ಟುಗಳು 44 ಮಿ.ಮೀ. ವ್ಯಾಸದ ವೃತ್ತದ ಮೇಲೆ ಬರಬೇಕು. ಕೂದಲಷ್ಟು ಆಚೀಚೆ ಆದ್ರೂ ಡಿಸ್ಕು ತೂಗಾಡುತ್ತೆ. ಮೊದಲ ಎರಡು ಬಿಲ್ಲೆ ಗುಜರಿಗೆ ಹೋದವು.

ಮೂರನೇ ಸಲ ಕೂತಿತು. ಆರು ತಿಂಗಳು ಓಡಿಸಿದೆ. ಹಿಡಿ ಅಂದಾಗ ಹಿಡೀತಿತ್ತು, ನಿಲ್ಲು ಅಂದಾಗ ನಿಲ್ತಿತ್ತು. ಕಾಲರ್ ಏರಿಸಿಕೊಂಡೇ ಊರಿಗೆ ತಂದೆ.

ಅಣ್ಣನ ಮಗನಿಗೆ ಹದಿನಾಲ್ಕು. ಸಾಯಂಕಾಲ ಹತ್ತಿರ ಬಂದು, "ಕಾಕಾ, ಗಜೇಂದ್ರಗಡದ ಕಡೆ ಗುಡ್ಡದ ಇಳುಕಲ ಐತೆಲ್ಲಾ, ಅಲ್ಲಿ ಒಂದ ರೌಂಡ್ ಹೊಡೀಲೆನು?" ಅಂದ. ನಾನು ಬೆಳಿಗ್ಗೆಯಷ್ಟೇ ಅಲ್ಲಿ ಇಳಿದು ಬಂದಿದ್ದೆ. ಮೇಲೆ ಗಾಳಿ ಫ್ಯಾನುಗಳು ಸುತ್ತುತ್ತಿದ್ದರೆ ಕೆಳಗೆ ನಾನು ಮಲಗಿಕೊಂಡೇ ಹಾರುತ್ತಿದ್ದೆ, ಅಷ್ಟು ಖುಷಿ. ಆದ್ರೂ ಬಾಯಿಂದ ಬಂದದ್ದು ಒಂದೇ ಮಾತು: "ಬ್ಯಾಡಪಾ."

ಕಟ್ಟೆ ಮೇಲೆ ಕೂತಿದ್ದ ಅಣ್ಣ ತಲೆ ಎತ್ತಿದ. "ಯಾಕ? ನಿನಗ ನಡೀತೈತಿ, ಹುಡುಗಗ ಯಾಕ ನಡೆಂಗಿಲ್ಲ?"

"ಅವ ಸಣ್ಣಾಂವ" ಅಂದೆ. ಅದು ಉತ್ತರ ಅಲ್ಲ ಅಂತ ಅಣ್ಣನಿಗೂ ಗೊತ್ತಿತ್ತು. ಅದೇ ಹುಡುಗ ಹೊಲದಿಂದ ಹೊಟ್ಟು ಹೇರಿಕೊಂಡು ಬಂಡಿ ಹೊಡ್ಕೊಂಡು ಬರ್ತಾನೆ.

ರಾತ್ರಿ ಮಾಳಿಗೆ ಮೇಲೆ ಮಲಗಿದರೆ ನಿದ್ದೆ ಇಲ್ಲ. ಬ್ರೇಕು ಒಳ್ಳೇದಿದ್ದರೆ ಇಬ್ಬರಿಗೂ ಒಳ್ಳೇದು. ಕೆಟ್ಟದಿದ್ದರೆ ಇಬ್ಬರಿಗೂ ಕೆಟ್ಟದು. ಕಬ್ಬಿಣಕ್ಕೆ ಕಾಕಾ ಯಾರು, ಮಗ ಯಾರು ಗೊತ್ತಾಗಲ್ಲ. ಹಾಗಾದ್ರೆ ನನ್ನ 'ಬ್ಯಾಡ'ಕ್ಕೆ ಅರ್ಥ ಏನು?

ಯೋಚನೆ ಮಾಡಿ ಮಾಡಿ ಒಂದು ಸಮಾಧಾನ ಹುಡುಕಿಕೊಂಡೆ. ಬ್ರೇಕಿನ ಅರ್ಧ ಭಾಗ ಗಾಲಿಯಲ್ಲಿದೆ, ಇನ್ನರ್ಧ ನನ್ನ ತಲೆಯಲ್ಲಿದೆ. ಎಡಗಡೆಯದು ಸ್ವಲ್ಪ ಮೊದಲು ಹಿಡಿಯುತ್ತೆ, ಆಗ ಗಾಡಿ ಎಡಕ್ಕೆ ಎಳೆಯುತ್ತೆ, ಹ್ಯಾಂಡಲ್ ಒಂಚೂರು ಬಲಕ್ಕೆ ಕೊಡಬೇಕು. ಜೋರಾಗಿ ಹಿಡಿದಾಗ ಟಕ್ ಅಂತ ಸದ್ದು ಬರುತ್ತೆ. ಇದೆಲ್ಲ ನನ್ನ ಕೈಗೆ ರೂಢಿಯಾಗಿದೆ. ಗಾಡಿಯನ್ನ ಹುಡುಗನಿಗೆ ಕೊಟ್ಟರೆ ಆ ಇನ್ನರ್ಧ ಬ್ರೇಕು ನನ್ನ ಹತ್ತಿರವೇ ಉಳೀತದೆ. ಅವನು ಒಪ್ಪಿಯೇ ಹತ್ತುತ್ತಾನೆ, ಖರೆ. ಆದ್ರೆ ಅವನು ಒಪ್ಪೋದು ಬ್ರೇಕನ್ನ ನೋಡಿ ಅಲ್ಲ, ಕಾಕಾನ ಮುಖ ನೋಡಿ. ಕಾಕಾ ಇಂಜಿನಿಯರು.

ನಾವು ಸಾಫ್ಟ್‌ವೇರಿನವರು ಈ ವಿಷಯದಲ್ಲಿ ಬಹಳ ಆರಾಮಾಗಿದ್ದೇವೆ. ಎಂಐಟಿ ಲೈಸೆನ್ಸು ಹಾಕಿ ಕೋಡನ್ನ ಹೊರಗೆ ಬಿಟ್ಟರೆ ಮುಗೀತು: ಹೇಗಿದೆಯೋ ಹಾಗೆ ತಗೊಳ್ಳಿ, ಗ್ಯಾರಂಟಿ ಇಲ್ಲ, ಏನಾದ್ರೂ ಆದ್ರೆ ನಮ್ಮನ್ನ ಕೇಳಬೇಡಿ. ಬಿಟ್ಟಿ ಕೊಟ್ಟವನಿಗೆ ಅದು ನ್ಯಾಯವೇ, ನಾನೂ ಹಾಕ್ತೀನಿ. ಇನ್ನೊಂದು ತುದಿಯಲ್ಲಿ ಬ್ಯಾಬಿಲೋನಿನ ಹಮ್ಮುರಾಬಿ ಇದ್ದಾನೆ. 3,700 ವರ್ಷಕ್ಕೂ ಹಿಂದಿನ ಅವನ ಕಾಯ್ದೆ ಪ್ರಕಾರ, ಕಟ್ಟಿದ ಮನೆ ಬಿದ್ದು ಯಜಮಾನನ ಮಗ ಸತ್ತರೆ ಕಟ್ಟಿದವನ ಮಗನನ್ನ ಕೊಲ್ಲಬೇಕು. ಏನೂ ತಪ್ಪು ಮಾಡದ ಹುಡುಗನನ್ನ! ಕ್ರೂರ ಕಾಯ್ದೆ. ಆದ್ರೆ ಮನೆ ಕಟ್ಟೋವಾಗ ಅವನ ಕಣ್ಣ ಮುಂದೆ ಯಾರ ಮುಖ ಇರ್ತಿತ್ತು ಅನ್ನೋದನ್ನ ಯೋಚಿಸಿ. ನಮ್ಮೂರಲ್ಲಿ ಬಂಡಿ ಮಾಡಿಕೊಡುತ್ತಿದ್ದ ಬಡಿಗ್ಯಾರಿಗೆ ಯಾವ ಕಾಯ್ದೆಯೂ ಬೇಕಿರಲಿಲ್ಲ. ಗಾಲಿ ಕಳಚಿದರೆ ಸಂಜೆಯೊಳಗೆ ಮನೆ ಮುಂದೆ ಜನ ಬಂದು ನಿಲ್ತಿದ್ರು. ನನ್ನ ಕೋಡಿನ ಮೇಲೆ ಯಾರು ಯಾರು ಹತ್ತಿ ಕೂತಿದ್ದಾರೋ, ಒಬ್ಬರ ಮುಖವನ್ನೂ ನಾನು ನೋಡಿಲ್ಲ.

ಹಾಗಂತ ಭಯಬಿದ್ದು ಏನೂ ಮಾಡಬಾರದು ಅಂತಲೂ ನನಗೆ ಅನ್ನಿಸಲ್ಲ. ಈ ಮಲಗೋ ಸೈಕಲ್ಲಿನ ಚರಿತ್ರೆಯಲ್ಲಿ ದೊಡ್ಡ ಹೆಸರು ಫ್ರಾನ್ಸಿನ ಶಾರ್ಲ್ ಮೋಶೆಯದು. ಅವನು ಪೆಡಲ್ ಗಾಡಿ ಕಟ್ಟೋಕೆ ಶುರು ಮಾಡಿದ್ದೇ ತನ್ನ ಮಗನಿಗೋಸ್ಕರ, ಸೈಕಲ್ ಅಪಾಯ ಅಂತ. ಅಲ್ಲಿಂದ ಬೆಳೆದ ಅವನ ಗಾಡಿಯ ಮೇಲೆ 1933ರಲ್ಲಿ ಒಬ್ಬ ಒಂದು ಗಂಟೆಯಲ್ಲಿ 45 ಕಿ.ಮೀ. ದಾಟಿ ದಾಖಲೆ ಮುರಿದ. ಮರುವರ್ಷ ಸೈಕ್ಲಿಂಗ್ ಒಕ್ಕೂಟ, ಇದು ಸೈಕಲ್ಲೇ ಅಲ್ಲ ಅಂತ ಹೊರಗೆ ಹಾಕಿತು. ಇರಲಿ.

ಮರುದಿನ ಬೆಳಿಗ್ಗೆ ವೆಲ್ಡಿಂಗ್ ಅಂಗಡಿ ಮಾಮಾನ ಹತ್ತಿರ ಹೋದೆ. ಎಡಕ್ಕೆ ಎಳೆಯೋದು ಸರಿಯಾದ್ರೆ ಹುಡುಗನಿಗೆ ಕೊಡಬಹುದೇನೋ ಅಂತ. ಮಾಮಾ ಮಾತಾಡಲಿಲ್ಲ. ಎಡಗಡೆ ಬ್ರ್ಯಾಕೆಟ್ ಬಿಚ್ಚಿಸಿದ, ಬಣ್ಣ ಕೆರೆಸಿದ, ಚಿಮಣಿ ಎಣ್ಣಿ ಸವರಿದ. ಚಾ ಕುಡಿದೆವು. ಆಮೇಲೆ ಅರಿವೆಯಿಂದ ಒರೆಸಿ ಒಣಗಿಸಿ, ಚಾಕ್‌ಪೀಸ್ ಪುಡಿ ಉದುರಿಸಿದ. ಬಿಳಿ ಪುಡಿಯ ಮೇಲೆ, ವೆಲ್ಡಿನ ಅಂಚಿಗೆ, ನಿಧಾನವಾಗಿ ಒಂದು ಒದ್ದೆ ಗೆರೆ ಮೂಡಿತು. ಕೂದಲೆಳೆಯಷ್ಟು. ಬಿರುಕಿನೊಳಗೆ ಇಳಿದಿದ್ದ ಎಣ್ಣೆಯನ್ನ ಪುಡಿ ಹೀರಿಕೊಂಡಿತ್ತು.

"ಇದರ ಮ್ಯಾಲ ಗುಡ್ಡ ಇಳದಿಯೇನೋ?" ಅಂದ ಮಾಮಾ.

ನನಗೆ ಮಾತು ಹೊರಡಲಿಲ್ಲ. ಲೆಕ್ಕ ಆಮೇಲೆ ಹಾಕಿದೆ, ಮೊದಲೇ ಹಾಕಬೇಕಿದ್ದ ಲೆಕ್ಕ. ನಾನು, ಗಾಡಿ ಸೇರಿ 96 ಕೆ.ಜಿ. ಗಟ್ಟಿಯಾಗಿ ಬ್ರೇಕ್ ಹಿಡಿದ ಪ್ರತಿ ಸಲ ಒಂದೊಂದು ಬ್ರ್ಯಾಕೆಟ್ಟಿಗೆ ಸುಮಾರು 85 ಕೆ.ಜಿ. ಜೋತುಬಿದ್ದ ಹಾಗೆ. ಅಂದ್ರೆ ಒಬ್ಬ ದಪ್ಪ ಆಳು ನೇತಾಡಿದ ಹಾಗೆ. ಬ್ರ್ಯಾಕೆಟ್ಟಿನ ಒಳಮೂಲೆಯನ್ನ ನಾನು ಚೂಪಾಗಿ ಕತ್ತರಿಸಿದ್ದೆ, ಕಾಣೋಕೆ ಚೆನ್ನಾಗಿರಲಿ ಅಂತ. ಭಾರ ಎಲ್ಲ ಬಂದು ಸೇರೋದು ಅಂಥ ಮೂಲೆಗೇ. ವೆಲ್ಡನ್ನೂ ಸರಿಯಾಗಿ ಅಲ್ಲೇ ಕೊಟ್ಟಿದ್ದೆ. ನನಗೆ ಚಿರಪರಿಚಿತ ಅಂದುಕೊಂಡಿದ್ದ ಆ 'ಟಕ್' ಬಹುಶಃ ಈ ಬಿರುಕಿನದೇ.

ಅರ್ಧ ಬ್ರೇಕು ನನ್ನ ತಲೆಯಲ್ಲಿದೆ ಅನ್ನೋ ರಾತ್ರಿಯ ಸಮಾಧಾನ ಅಲ್ಲಿಗೆ ಮುಗೀತು. ತಲೆಯಲ್ಲಿದ್ದದ್ದು ತಿಳಿವಳಿಕೆ ಅಲ್ಲ, ಅಭ್ಯಾಸ. ಹುಡುಗನಿಗೆ ಬೇಡ ಅಂದಾಗ ಒಳಗೆಲ್ಲೋ ಅನುಮಾನ ಇತ್ತು. ಆ ಅನುಮಾನವನ್ನ ನನ್ನ ಮಟ್ಟಿಗೆ ಮಾತ್ರ ಧೈರ್ಯ ಅಂತ ಕರೆದುಕೊಂಡಿದ್ದೆ. ನನ್ನ ಜೀವ ನನ್ನಿಷ್ಟ ಅಂತ ವಾದಿಸಬಹುದಿತ್ತು. ಆದ್ರೆ ಇಳುಕಲಿನ ಕೆಳಗೆ ರಸ್ತೆ ದಾಟೋ ಕುರಿ, ಕುರಿಯ ಹಿಂದೆ ಬರೋ ಮುದುಕ, ಇವರನ್ನ ನಾನು ಕೇಳಿರಲಿಲ್ಲ. ಪೆಡಲ್ ಗಾಡಿಗೆ ನಂಬರ್ ಪ್ಲೇಟಿಲ್ಲ, ಲೈಸೆನ್ಸಿಲ್ಲ, ಆರ್‌ಟಿಒ ತಪಾಸಣೆ ಇಲ್ಲ. ಕೇಳೋರು ಯಾರೂ ಇಲ್ಲದಿದ್ದಾಗ ನಾನೇ ಕೇಳಿಕೊಳ್ಳಬೇಕಿತ್ತು. ಕೇಳಿದ್ದು ಅಣ್ಣ.

ಎರಡು ದಿನ ರಜೆ ಮುಂದೂಡಿದೆ. ಎರಡೂ ಬ್ರ್ಯಾಕೆಟ್ ಹೊಸದಾಗಿ ಮಾಡಿದೆವು. ದಪ್ಪ ಪ್ಲೇಟು, ದುಂಡಗಿನ ಮೂಲೆ, ಮೂಲೆಯಲ್ಲಿ ವೆಲ್ಡ್ ಇಲ್ಲ, ಎಲ್ಲ ಬೋಲ್ಟಿನ ಜೋಡಣೆ. ಕಾನಸು ಹಿಡಿದು ಉಜ್ಜಿದ್ದು ಹುಡುಗನೇ. ಆಮೇಲೆ ಅವನು ಓಡಿಸಿದ, ಮೊದಲು ಓಣಿಯಲ್ಲಿ, ಆಮೇಲೆ ಬಯಲಿನ ರಸ್ತೆಯಲ್ಲಿ. ಗುಡ್ಡದ ಇಳುಕಲಿಗೆ ಇನ್ನೂ ಹೂಂ ಅಂದಿಲ್ಲ.

ಟ್ರೈಕು ಈಗ ರಾಜೂರಿನಲ್ಲೇ ಇದೆ. ಪ್ರತಿ ಭಾನುವಾರ ಅವನು ಚಿಮಣಿ ಎಣ್ಣಿ ಸವರಿ, ಚಾಕ್ ಪುಡಿ ಉದುರಿಸಿ ನನಗೆ ವಾಟ್ಸಾಪಿನಲ್ಲಿ ಎರಡು ಫೋಟೋ ಕಳಿಸಬೇಕು, ಎಡದ್ದೊಂದು, ಬಲದ್ದೊಂದು. ಹೋದ ವಾರ ಒಂದೇ ಬಂತು. ಫೋನ್ ಮಾಡಿದೆ.

"ಚಾಕ್‌ಪೀಸ್ ಖಾಲಿ ಆಗೇತಿ ಕಾಕಾ, ನಾಳೆ ಸಾಲ್ಯಾಗಿಂದ ತರ್ತೇನಿ."

"ಅಲ್ಲೀತನ ಹೊರಗ ತಗೀಬ್ಯಾಡ" ಅಂದು ಫೋನಿಟ್ಟೆ. ಲ್ಯಾಪ್‌ಟಾಪ್ ತೆರೆದೇ ಇತ್ತು. ಅವತ್ತು ರಾತ್ರಿ ನಮ್ಮದೊಂದು ರಿಲೀಸ್ ಹೋಗಬೇಕಿತ್ತು, ಟೆಸ್ಟಿಂಗ್ ಅರ್ಧ ಆಗಿತ್ತು.