ಗಟ್ಟಿಗಿತ್ತಿ ಅನ್ನೋ ಹೊಗಳಿಕೆ

ಕ್ಯಾಟ್ನಿಸ್ ಎವರ್‌ಡೀನ್ ನಿಮಗೆ ಹೊಸಬಳಲ್ಲ. ಬೇ ಏರಿಯಾದಲ್ಲಿ ಬೆಳೆದವರಾದರೆ ಸುಝಾನ್ ಕಾಲಿನ್ಸ್ ಬರೆದ ‘ದ ಹಂಗರ್ ಗೇಮ್ಸ್’ (2008) ಕಾದಂಬರಿಯನ್ನ ಮಿಡಲ್ ಸ್ಕೂಲ್‌ನಲ್ಲೇ ಓದಿರ್ತೀರಿ. ಊರಿಂದ ಬಂದವರಾದರೆ ಮಕ್ಕಳ ಬ್ಯಾಗಿನಲ್ಲಿ ನೋಡಿರ್ತೀರಿ. ಮೊದಲ ಪುಟಗಳಲ್ಲಿ ಅವಳು ಹೇಗೆ ಕಂಡಳು, ನೆನಪು ಮಾಡ್ಕೊಳ್ಳಿ. ಮುಖದಲ್ಲಿ ನಗು ಇಲ್ಲ. ಅಮ್ಮನ ಮೇಲೆ ಸಿಟ್ಟು. ತಂಗಿ ಮನೆಗೆ ತಂದ ಬೆಕ್ಕನ್ನ ಬಕೆಟ್ಟಿನಲ್ಲಿ ಮುಳುಗಿಸಲು ನೋಡಿದವಳು, ಯಾಕಂದ್ರೆ ಇನ್ನೊಂದು ಹೊಟ್ಟೆ ತುಂಬಿಸೋ ಶಕ್ತಿ ಆ ಮನೆಗಿರಲಿಲ್ಲ. ಫ್ರೀಮಾಂಟ್‌ನಲ್ಲಿರುವ ನಮ್ಮ ನೆಂಟರ ಹುಡುಗಿ ಇದನ್ನು ಓದಿ “ಇವಳು ಒಳ್ಳೆಯವಳೇ ಅಲ್ಲ” ಅಂದಳು. ಅವಳಮ್ಮ “ಗಟ್ಟಿಗಿತ್ತಿ ಕಣೇ” ಅಂದರು.

ಹುಡುಗಿ ಬೆಕ್ಕಿನ ಪಕ್ಷ ವಹಿಸಿದ್ದಳು, ಅದು ಸರಿಯೇ. ನನ್ನನ್ನು ಕಾಡಿದ್ದು ಅಮ್ಮನ ಮಾತು.

ಕಥೆಯೊಳಗಿನ ಲೆಕ್ಕ ನೋಡಿ. (ಲೆಕ್ಕ ನನ್ನ ಕಸುಬು, ಸ್ವಲ್ಪ ಸಹಿಸ್ಕೊಳ್ಳಿ.) ಒಬ್ಬರನ್ನೊಬ್ಬರು ಕೊಲ್ಲುವ ಆಟಕ್ಕೆ ವರ್ಷಕ್ಕೊಮ್ಮೆ ಚೀಟಿ ಎತ್ತಿ ಮಕ್ಕಳನ್ನು ಆರಿಸ್ತಾರೆ. 12 ತುಂಬಿದ ವರ್ಷ ನಿಮ್ಮ ಹೆಸರಿನ ಒಂದು ಚೀಟಿ, ಆಮೇಲೆ ವರ್ಷಕ್ಕೊಂದು ಹೆಚ್ಚು. ಮನೆಯ ಒಬ್ಬರಿಗೆ ಒಂದು ವರ್ಷದ ಕಾಳು, ಎಣ್ಣೆ ಬೇಕಾದರೆ ಮತ್ತೊಂದು ಚೀಟಿ ಹಾಕಿಸಬೇಕು. ಕ್ಯಾಟ್ನಿಸ್ ತನಗೆ, ಅಮ್ಮನಿಗೆ, ತಂಗಿಗೆ ಅಂತ ಪ್ರತಿವರ್ಷ ಮೂರು ಹೆಚ್ಚು ಹಾಕಿಸಿದಳು. ವರ್ಷಕ್ಕೆ 4ರಂತೆ, ಅವಳಿಗೆ 16 ಆಗುವಾಗ 20 ಚೀಟಿ. ತಂಗಿ ಪ್ರಿಮ್‌ದು ಒಂದೇ, ಹೆಚ್ಚು ಹಾಕಿಸಲು ಅಕ್ಕ ಬಿಡಲಿಲ್ಲ. ಗಣಿ ಸ್ಫೋಟದಲ್ಲಿ ಅಪ್ಪ ಸತ್ತಾಗ ಅವಳಿಗೆ 11. ಅಮ್ಮ ದುಃಖದಲ್ಲಿ ಮೂಲೆ ಹಿಡಿದಳು. ಅಪ್ಪ ಕಲಿಸಿದ ಬಿಲ್ಲೇ ಹೊಟ್ಟೆಪಾಡಾಯಿತು. ನಾವು ಗಟ್ಟಿತನ ಅನ್ನೋದು ಈ ಲೆಕ್ಕದ ಮೊತ್ತ. ಅದನ್ನು ಹೊಗಳುವಾಗ, ಲೆಕ್ಕ ಹಾಕಿಟ್ಟವರು ಸದ್ದಿಲ್ಲದೆ ಪಾರಾಗ್ತಾರೆ.

ನಮ್ಮ ಓಬವ್ವನ ಕಥೆಯಲ್ಲೂ ಹೀಗೇ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ. ನೀರಿಗೆ ಹೋದವಳು, ಕಿಂಡಿಯಲ್ಲಿ ನುಸುಳಿ ಬರ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದಳು. ಚಿತ್ರದುರ್ಗದಂಥ ಕೋಟೆಯಲ್ಲಿ ಆ ಕಿಂಡಿಗೆ ಇನ್ನೊಬ್ಬ ಕಾವಲುಗಾರ ಯಾಕಿರಲಿಲ್ಲ ಅಂತ ನಾವ್ಯಾರೂ ಕೇಳೋದಿಲ್ಲ.

ಇನ್ನು ನಮ್ಮ ಸನ್ನಿವೇಲ್, ಸ್ಯಾನ್ ಹೋಸೆಗೆ ಬನ್ನಿ. ಎಚ್-4 ವೀಸಾದಲ್ಲಿ ಬಂದ ಹೆಂಡತಿಯರಿಗೆ 2015ರವರೆಗೆ ಇಲ್ಲಿ ಕೆಲಸ ಮಾಡುವ ಅನುಮತಿಯೇ ಇರಲಿಲ್ಲ; ಆ ವರ್ಷವೂ ಸಿಕ್ಕಿದ್ದು ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗೆ ಮಾತ್ರ. ಬೆಂಗಳೂರಲ್ಲಿ ಎಂಜಿನಿಯರ್ ಆಗಿದ್ದವರು ಇಲ್ಲಿ ತಮ್ಮದೇ ಸಂಬಳವಿಲ್ಲದೆ, ತವರಿನವರಿಲ್ಲದೆ ಬಾಣಂತನ ಮುಗಿಸಿ, ಫ್ರೀವೇಯಲ್ಲಿ ಕಾರು ಓಡಿಸೋದು ಕಲಿತು ಸಂಸಾರ ನಡೆಸಿದರು. ಕನ್ನಡ ಕೂಟದ ಊಟದ ಸಾಲಿನಲ್ಲಿ ಅಂಥವರನ್ನ ತೋರಿಸಿ “ಭಾರೀ ಗಟ್ಟಿಗಿತ್ತಿ” ಅಂತೀವಿ. ಅಂದವರು ಪ್ರೀತಿಯಿಂದಲೇ ಅಂದಿರ್ತಾರೆ. ಆದರೆ ಆ ಮಾತು ಬಿದ್ದ ಮೇಲೆ ಆಕೆ “ನನ್ನ ಕೈಲಿ ಆಗ್ತಿಲ್ಲ” ಅನ್ನೋದು ಹೇಗೆ?

ಹಾಗಂತ ಎಲ್ಲವೂ ಪರಿಸ್ಥಿತಿಯ ಕೈವಾಡ ಅಂದುಬಿಟ್ಟರೆ ಕ್ಯಾಟ್ನಿಸ್‌ಗೆ ಅನ್ಯಾಯ. ಆ ಒಂದೇ ಚೀಟಿ, ಪ್ರಿಮ್‌ದು, ಮೇಲೆ ಬಂದಾಗ “ನಾನು ಹೋಗ್ತೀನಿ” ಅಂತ ಅಕ್ಕ ಮುಂದೆ ಬರ್ತಾಳೆ. ಹಸಿವು ಕಲಿಸಿದ್ದು ಬದುಕಿ ಉಳಿಯೋದನ್ನ. ಇದು ಅದಕ್ಕೆ ತದ್ವಿರುದ್ಧ. ಯಾರೂ ಅವಳನ್ನು ತಳ್ಳಿರಲಿಲ್ಲ. ನಿಜಕ್ಕೂ ಅವಳದೇ ಅನ್ನಬಹುದಾದ ಧೈರ್ಯ ಇದು. ಮೊದಲ ನೋಟದಲ್ಲಿ ನಾವು ಮೆಚ್ಚೋ ಬಿಗಿಮುಖ, ಬೇಟೆ ಅಲ್ಲ.

ಆಗ ಎಫಿ ಟ್ರಿಂಕೆಟ್ ಜನರನ್ನು ಚಪ್ಪಾಳೆ ಕೇಳ್ತಾಳೆ. ಒಬ್ಬರೂ ತಟ್ಟೋದಿಲ್ಲ. ಸುಮ್ಮನೆ ನಿಂತು, ಆಮೇಲೆ ಒಬ್ಬೊಬ್ಬರಾಗಿ ಮೂರು ಬೆರಳು ತುಟಿಗೆ ಒತ್ತಿ ಅವಳ ಕಡೆ ಚಾಚ್ತಾರೆ. ಆ ಊರಲ್ಲಿ ಅಂತ್ಯಕ್ರಿಯೆಯ ಹೊತ್ತಲ್ಲಿ ಆಗೊಮ್ಮೆ ಈಗೊಮ್ಮೆ ಕಾಣುವ ಸಂಜ್ಞೆ ಅದು. ಅಲ್ಲೀತನಕ ತಡ್ಕೊಂಡಿದ್ದವಳಿಗೆ ಅಳು ಬಂದುಬಿಡೋ ಹಾಗಾಗುತ್ತೆ. ಅಷ್ಟರಲ್ಲಿ ಕುಡುಕ ಹೇಮಿಚ್ ತೂರಾಡ್ತಾ ಬಂದು, ಅವಳ ಹೆಗಲ ಮೇಲೆ ಕೈ ಹಾಕಿ, ಇವಳಲ್ಲಿ ಕೆಚ್ಚಿದೆ ಅಂತ ಕಿರುಚಿ ಹೊಗಳ್ತಾನೆ. ಇನ್ನೂ ಏನೋ ಹೇಳಲು ಬಾಯಿ ತೆರೆದವನು ವೇದಿಕೆಯಿಂದ ಕೆಳಗೆ ಬೀಳ್ತಾನೆ.