ಪರನಾಡಿನಲ್ಲಿ ಅಗಲಿದ ತಾಯಿಯನ್ನು ಕುರಿತು



ಬೀದರಿನ ಗಾಂಧಿ ಗಂಜದಲ್ಲಿ ತೊಗರಿ, ಉದ್ದು, ಹೆಸರುಗಳ ದಲ್ಲಾಳಿ ಅಂಗಡಿಯನ್ನು ನಡೆಸುತ್ತಿರುವ ಭಕ್ತರೊಬ್ಬರು ಕೆಲವು ದಿನಗಳ ಹಿಂದೆ ಮಠಕ್ಕೆ ಬಂದಿದ್ದರು. ಅವರು ಬರುವುದೇನೂ ಹೊಸತಲ್ಲ. ಆದರೆ ಗಂಜದಲ್ಲಿ ಸವಾಲು ನಡೆಯುವ ಹೊತ್ತಿಗೆ ಅಂಗಡಿಯನ್ನು ಬಿಟ್ಟು ಬಂದುದರಿಂದ ಏನೋ ವಿಶೇಷವಿರಬೇಕೆಂದು ನಮಗೆ ತೋರಿತು. ನಮಸ್ಕರಿಸಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ, "ಅಪ್ಪಾವರೇ, ಇಂಗ್ಲೆಂಡಿನಾಗಿದ್ದ ನಮ್ಮ ಅತ್ತಿಯವರು ತೀರಿಕೊಂಡ್ರು. ಅಲ್ಲೇ ಸುಟ್ಟುಬಿಟ್ಟಾರ್ರಿ. ಬೂದಿ ಮನಿಗೆ ಬಂದದ. ಮುಂದೇನು ಮಾಡಬೇಕ್ರಿ?" ಎಂದು ಕೇಳಿದರು.

ಆ ತಾಯಿಯನ್ನು ನಾವು ಒಮ್ಮೆ ಮಾತ್ರ ಕಂಡಿದ್ದೆವು. 1948ರ ಪೋಲೀಸು ಕಾರ್ಯಾಚರಣೆಯ ಹೊತ್ತಿಗೆ ಅವರು ಎಂಟು ವರ್ಷದ ಹುಡುಗಿ. ನಿಜಾಮರ ಆಳಿಕೆಯಲ್ಲಿ ಈ ಸೀಮೆಯ ಮಕ್ಕಳಿಗೆ ಶಾಲೆಯೆಂದರೆ ಉರ್ದು. ಭಾಲ್ಕಿಯ ಪೂಜ್ಯ ಶ್ರೀ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿ ನಿಮಗೆಲ್ಲರಿಗೂ ಗೊತ್ತಿದೆ. ಈ ಹುಡುಗಿಗಾದರೋ ಅಂತಹ ಶಾಲೆಯೂ ದೊರೆಯಲಿಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತ ತಾಯಿಯ ಬಾಯಿಂದಲೇ ಶರಣರ ಮಾತುಗಳನ್ನು ಕೇಳಿ ಕಲಿತರು. ಮದುವೆಯಾಗಿ 1964ರಲ್ಲಿ ಪತಿಯೊಡನೆ ಇಂಗ್ಲೆಂಡಿಗೆ ಹೋದರು. ಪತಿ ಯಂತ್ರಶಾಲೆಯ ನೌಕರ, ಬಹುಕಾಲ ಬಾಳಲಿಲ್ಲ. ಆ ಬಳಿಕ ಇವರು ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು ಒಬ್ಬಳೇ ಮಗಳನ್ನು ಬೆಳೆಸಿದರು. ಹೆತ್ತ ತಾಯಿ ತೀರಿಕೊಂಡ ತಂತಿ ಕೈಸೇರುವುದರೊಳಗೆ ಇಲ್ಲಿ ಮಣ್ಣು ಮುಗಿದಿತ್ತು. ಅರವತ್ತು ವರ್ಷಗಳಲ್ಲಿ ಮೂರೇ ಸಲ ಊರಿಗೆ ಬಂದುಹೋದರು. 2015ರ ನವೆಂಬರ್ 14ರಂದು ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತಷ್ಟೆ. ಆಮೇಲೊಂದು ದಿನ ಮಗಳು ತಾಯಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಅಲ್ಲಿಗೆ ಕರೆದೊಯ್ದಿದ್ದಳಂತೆ. ಆ ಭಾವಚಿತ್ರವನ್ನು ಭಕ್ತರು ನಮಗೆ ತೋರಿಸಿದರು. ದಪ್ಪ ಉಣ್ಣೆಯ ಅಂಗಿ, ಅದರ ಮೇಲೆ ಇಳಕಲ್ ಸೀರೆಯ ಸೆರಗು, ಹಣೆಯ ತುಂಬ ವಿಭೂತಿ.

ಈಗ ಮನೆಯಲ್ಲಿ ಹುಟ್ಟಿದ ತಕರಾರನ್ನು ಹೇಳಬೇಕು. ವೀರಶೈವರಲ್ಲಿ ದೇಹವನ್ನು ಸುಡುವ ವಾಡಿಕೆಯಿಲ್ಲ. ಲಿಂಗವನ್ನು ಧರಿಸಿದ ಕಾಯವು ಪ್ರಸಾದಕಾಯವಾದುದರಿಂದ ಅದನ್ನು ಕುಳ್ಳಿರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಪತ್ರೆಗಳಿಂದ ಮುಚ್ಚಿ ಕ್ರಿಯಾಸಮಾಧಿ ಮಾಡುತ್ತೇವೆ. ಆ ದೂರದೇಶದ ರುದ್ರಭೂಮಿಯಲ್ಲಿ ಹೀಗೆ ಮಾಡುವುದು ಸುಲಭವಲ್ಲ. ಜಂಗಮರನ್ನು ಕರೆಸೋಣವೆಂದರೆ ಆ ಪಟ್ಟಣದಲ್ಲಿ ಯಾರೂ ಇಲ್ಲ. ಮಗಳು ತನಗೆ ತಿಳಿದಂತೆ ಮಾಡಿದಳು. ಇಲ್ಲಿಯ ಬಂಧುಗಳಲ್ಲಿ ಒಬ್ಬರು, ಸುಟ್ಟ ಮೇಲೆ ಐಕ್ಯವೆಲ್ಲಿಯದು ಎಂದರು. ಇನ್ನೊಬ್ಬರು ಬೂದಿಯನ್ನು ಮಾಂಜ್ರಾ ನದಿಯಲ್ಲಿ ಬಿಡೋಣವೆಂದರು. ಮೂರನೆಯವರು, ಪರಧರ್ಮೀಯರ ಅಡುಗೆಮನೆಯಲ್ಲಿ, ಮಾಂಸ ಬೇಯುವ ಒಲೆಗಳ ನಡುವೆ ಆಯುಷ್ಯವನ್ನು ಕಳೆದವರ ಲಿಂಗಪೂಜೆ ಎಂತಹುದಿದ್ದೀತು ಎಂದು ಆಡಬಾರದ ಮಾತನ್ನೇ ಆಡಿದರು. ಮನೆಗೆ ಸೂತಕವುಂಟೋ ಇಲ್ಲವೋ ಎಂಬ ಚರ್ಚೆಯೂ ನಡೆಯಿತಂತೆ.

ಸೂತಕದ ಮಾತನ್ನು ಬೇಗ ಮುಗಿಸಬಹುದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳೂ ಲಿಂಗವಂತರಿಗಿಲ್ಲವೆಂದು ಶರಣರು ನಿಶ್ಚಯಿಸಿದ್ದಾರೆ. ಅದು ಎಂಟುನೂರು ವರ್ಷಗಳಿಗೂ ಹಿಂದಿನ ತೀರ್ಮಾನ; ಅದನ್ನು ಇಂದು ಮತ್ತೆ ಕೆದಕುವುದರಲ್ಲಿ ಅರ್ಥವಿಲ್ಲ.

ಐಕ್ಯದ ಮಾತು ಅಷ್ಟು ಸುಲಭವಲ್ಲ. ಯಾರು ತೀರಿಕೊಂಡರೂ "ಲಿಂಗೈಕ್ಯರಾದರು" ಎಂದು ಬರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಈ ನಮ್ಮ ಪತ್ರಿಕೆಯಲ್ಲಿಯೂ ತಿಂಗಳು ತಿಂಗಳೂ ಹಾಗೆಯೇ ಅಚ್ಚಾಗುತ್ತದೆ. ಗೌರವಕ್ಕಾಗಿ ಹಾಗೆನ್ನುವುದು ತಪ್ಪಲ್ಲ. ಆದರೆ ಷಟ್‌ಸ್ಥಲದಲ್ಲಿ ಐಕ್ಯವೆಂಬುದು ಸಾವಿಗಿಟ್ಟ ಹೆಸರಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ನಿಲವುಗಳನ್ನು ದಾಟಿ ಬದುಕಿರುವಾಗಲೇ ತಲಪಬೇಕಾದ ಆರನೆಯ ನಿಲವು ಅದು. ಬದುಕಿನಲ್ಲಿ ಆಗದಿದ್ದುದನ್ನು ಸಮಾಧಿಯ ಕುಣಿಯು ಮಾಡಿಕೊಡಲಾರದು. ಬದುಕಿನಲ್ಲಿ ಆದುದನ್ನು ಚಿತೆಯು ಕಿತ್ತುಕೊಳ್ಳಲಾರದು. ಕ್ರಿಯಾಸಮಾಧಿಯನ್ನು ನಾವು ಬಿಡಬಾರದು. ಅದು ಪ್ರಸಾದಕಾಯಕ್ಕೆ ಸಲ್ಲಿಸುವ ಮರ್ಯಾದೆ. ಆದರೆ ಆ ಮರ್ಯಾದೆಯನ್ನು ಸಲ್ಲಿಸಲಾಗದೆ ಹೋದ ಮಗಳನ್ನು ದೋಷಿಯೆಂದು ನಿಲ್ಲಿಸುವವರಿಗೆ ಷಟ್‌ಸ್ಥಲದ ಮೊದಲನೆಯ ಮೆಟ್ಟಿಲೂ ಕಂಡಿಲ್ಲವೆಂದೇ ಹೇಳಬೇಕು.

ಇದೇ ಬೀದರ ಜಿಲ್ಲೆಯಲ್ಲಿ ಮೋಳಕೇರಾ ಎಂಬ ಊರಿದೆ. ಮೋಳಿಗೆಯ ಮಾರಯ್ಯನವರ ನೆನಪನ್ನು ಉಳಿಸಿಕೊಂಡಿರುವ ಊರು ಅದು. ಅವರು ಕಾಶ್ಮೀರದ ಅರಸರಾಗಿದ್ದರೆಂದೂ, ಕಲ್ಯಾಣದ ಕೀರ್ತಿಯನ್ನು ಕೇಳಿ ರಾಜ್ಯವನ್ನು ತೊರೆದು ಇಲ್ಲಿಗೆ ಬಂದು, ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರಿ ಜಂಗಮದಾಸೋಹ ಮಾಡಿದರೆಂದೂ ಪುರಾತನರ ಹೇಳಿಕೆ. ಕಟ್ಟಿಗೆಯ ಹೊರೆಗೆ ಮೋಳಿಗೆಯೆಂದು ಹೆಸರು. ಅವರ ಮಡದಿ ಮಹಾದೇವಿಯಮ್ಮನವರ ವಿಷಯವನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ಹಿಮದ ನಾಡಿನಲ್ಲಿ ಹುಟ್ಟಿ, ಅರಮನೆಯಲ್ಲಿದ್ದು, ಭಾಷೆ ಬೇರೆ, ಊಟ ಬೇರೆ, ಬಿಸಿಲು ಬೇರೆಯಾದ ಈ ನೆಲಕ್ಕೆ ಬಂದವರು ಆ ತಾಯಿ. ಇಲ್ಲಿಯ ಮಾತನ್ನು ಕಲಿತು ಆ ಮಾತಿನಲ್ಲಿಯೇ ವಚನಗಳನ್ನು ರಚಿಸಿದರು. ತವರಿಗೆ ಹಿಂದಿರುಗಲಿಲ್ಲ. ತವರಿನವರ ಪಾಲಿಗೆ ಅವರು ಪರದೇಶದಲ್ಲಿ ಬಾಳಿ ಪರದೇಶದಲ್ಲಿ ಮಡಿದ ಮಗಳು. ಅಲ್ಲಿಯ ಯಾವನಾದರೊಬ್ಬ ಸೋದರಳಿಯನು, ನಮ್ಮ ಪದ್ಧತಿಯಂತೆ ಅಂತ್ಯಕ್ರಿಯೆ ನಡೆಯಲಿಲ್ಲವೆಂದು ಕೊರಗಿರಬಾರದೇಕೆ? ನಾವು ಅವರನ್ನು ಪರದೇಶಿಯೆಂದು ಎಣಿಸುತ್ತೇವೆಯೇ?

ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗವೊಂದಿದೆ. ಬಸವಣ್ಣನವರು ಅಗಲಿದ ಬಳಿಕ ಮಾರಯ್ಯನವರ ಮನಸ್ಸು ಕೈಲಾಸದ ಕಡೆಗೆ ತಿರುಗಿತು. ತಾವೂ ಅಲ್ಲಿಗೆ ಹೋಗಬೇಕೆಂದು ಹಂಬಲಿಸಿದರು. ಆಗ ಅವರನ್ನು ತಿದ್ದಿದವರು ಮಡದಿ. ಹೋಗುವುದೆಂದರೇನು, ಎಲ್ಲಿಗೆ, ಕೈಯಲ್ಲಿರುವ ಲಿಂಗವನ್ನು ಬಿಟ್ಟು ಬೇರೊಂದು ಠಾವಿದೆಯೇ ಎಂಬುದು ಆ ತಾಯಿಯ ಬೋಧೆಯ ಸಾರ. ನೆಲದಿಂದ ನೆಲಕ್ಕೆ ಬಂದು ದೂರವೆಂದರೇನೆಂದು ತಮ್ಮ ಕಾಲುಗಳಿಂದಲೇ ಅಳೆದವರು ಆಡಿದ ಮಾತಾದುದರಿಂದ ಅದಕ್ಕೆ ಹೆಚ್ಚಿನ ತೂಕವಿದೆಯೆಂದು ನಮ್ಮ ಭಾವನೆ.

ನೀಲಮ್ಮನವರ ಚರಿತ್ರೆಯೂ ಇಂತಹುದೇ. ಸಂಗಮಕ್ಕೆ ಕರೆದೊಯ್ಯಲು ಹಡಪದ ಅಪ್ಪಣ್ಣನವರು ಬಂದರು. ಆ ತಾಯಿ ಹೊರಟದ್ದು ಹೌದು. ಆದರೆ ಕೃಷ್ಣೆಯ ದಂಡೆಯ ತಂಗಡಗಿಯಲ್ಲಿಯೇ ಐಕ್ಯರಾದರು. ಸಂಗಮನಾಥನು ಸಂಗಮದಲ್ಲಿ ಮಾತ್ರ ಇರುವವನಲ್ಲವೆಂಬ ನಂಬಿಗೆ ಅವರದು. ಸ್ವಲ್ಪ ಆಲೋಚಿಸಿ ನೋಡಿ: ಅಕ್ಕಮಹಾದೇವಿಯವರು ಹುಟ್ಟಿದ್ದು ಉಡುತಡಿಯಲ್ಲಿ, ಐಕ್ಯರಾದುದು ಶ್ರೀಶೈಲದ ಕದಳಿಯಲ್ಲಿ. ಚನ್ನಬಸವಣ್ಣನವರು ಉಳವಿಯಲ್ಲಿ. ಕಲ್ಯಾಣದ ಕ್ರಾಂತಿಯ ಬಳಿಕ ದಿಕ್ಕುದಿಕ್ಕಿಗೆ ಚದುರಿಹೋದ ಶರಣರಲ್ಲಿ ತಮ್ಮ ಅಂಗಳದ ಮಣ್ಣಿಗೆ ಸೇರಿದವರೆಷ್ಟು ಮಂದಿ?

ಅಡುಗೆಮನೆಯ ಕೆಲಸವನ್ನು ಹೀಗಳೆದ ಬಂಧುವಿಗೆ ಒಂದೇ ಮಾತು. ರೋಗಿಗಳಿಗೆ ಹೊತ್ತಿಗೆ ಸರಿಯಾಗಿ ಗಂಜಿ ಕಾಸಿ ಕೊಡುವುದಕ್ಕಿಂತ ಮಿಗಿಲಾದ ಕಾಯಕ ಯಾವುದೆಂದು ಅವರು ತೋರಿಸಲಿ. ತಾವು ಉಣ್ಣದ ಪದಾರ್ಥ ಪಕ್ಕದ ಒಲೆಯ ಮೇಲೆ ಬೇಯುತ್ತಿದ್ದರೂ ಆ ತಾಯಿ ಬೆಳಗಿನ ನಾಲ್ಕು ಗಂಟೆಗೆದ್ದು, ಲಿಂಗಪೂಜೆಯನ್ನು ಮುಗಿಸಿ, ಹಿಮದಲ್ಲಿ ನಡೆದು ಕೆಲಸಕ್ಕೆ ಹೋಗುತ್ತಿದ್ದರೆಂದು ಮಗಳು ಹೇಳುತ್ತಾಳೆ. ಇಲ್ಲಿ ಗುಡಿಯ ಪಕ್ಕದಲ್ಲಿ ಮನೆಯಿದ್ದೂ ಹಬ್ಬಕ್ಕೊಮ್ಮೆ ಲಿಂಗವನ್ನು ನೋಡುವವರು ನಮ್ಮಲ್ಲಿ ಕಡಮೆಯೇನಿಲ್ಲ.

ಇಷ್ಟನ್ನೆಲ್ಲ ಆ ಭಕ್ತರಿಗೆ ಹೇಳಿದೆವು. ಹೇಳಿ, ಉತ್ತರವಾಯಿತೆಂದು ಭಾವಿಸಿದೆವು. ಆದರೆ ಅವರು ಏಳಲಿಲ್ಲ. ಶಾಸ್ತ್ರವನ್ನು ಬಲ್ಲವರಿಗೆ ಇದೊಂದು ಅಪಾಯ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಭರದಲ್ಲಿ ಕೇಳದೆ ಉಳಿದ ಪ್ರಶ್ನೆ ಕಿವಿಗೆ ಬೀಳುವುದಿಲ್ಲ. ನಾವು ಸುಮ್ಮನಾದ ಮೇಲೆ ಅವರೇ ಮೆಲ್ಲನೆ ಬಾಯಿಬಿಟ್ಟರು.

2011ರಲ್ಲಿ ಆ ತಾಯಿ ಕಡೆಯ ಸಲ ಊರಿಗೆ ಬಂದಿದ್ದರಂತೆ. "ಇನ್ನು ಇಲ್ಲೇ ಇದ್ದುಬಿಡತೀನಪ್ಪಾ, ಮ್ಯಾಲಿನ ಖೋಲಿ ಕೊಟ್ಟರ ಸಾಕು" ಎಂದು ಕೇಳಿದರಂತೆ. ಆ ಕೋಣೆಯಲ್ಲಿ ತೊಗರಿಯ ಚೀಲಗಳಿದ್ದವು. ಸುಗ್ಗಿ ಮುಗಿಯಲಿ, ನೋಡೋಣವೆಂದು ಇವರು ಹೇಳಿದರು. ಚೀಲಗಳು ನೆಪ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲೆಂದು 2005ರಲ್ಲಿ ಕಾಯಿದೆ ತಿದ್ದುಪಡಿಯಾಗಿತ್ತು. ಮನೆಯೊಳಗೆ ಕಾಲಿಟ್ಟವರು ಪಾಲು ಕೇಳಿಯಾರೆಂಬ ಭಯ ಇವರನ್ನು ಹಿಡಿದಿತ್ತು. ಯಾರೋ ಹೇಳಿಕೊಟ್ಟಂತೆ ಹಕ್ಕು ಬಿಡುಗಡೆಯ ಪತ್ರವನ್ನು ಬರೆಸಿ ಮುಂದಿಟ್ಟರು. ಆ ತಾಯಿ ಓದಿಸಿ ಕೇಳಲೂ ಇಲ್ಲ. ಕನ್ನಡದಲ್ಲಿ ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದು, ಮೂರು ವಾರಗಳಲ್ಲಿ ತಿರುಗಿ ಹೊರಟುಹೋದರು. ಮತ್ತೆ ಬರಲಿಲ್ಲ; ಆದರೆ ದೀಪಾವಳಿಗೆ ದೂರವಾಣಿಯಲ್ಲಿ ಮಾತನಾಡುವುದನ್ನು ಒಂದು ವರ್ಷವೂ ತಪ್ಪಿಸಲಿಲ್ಲ. ಮಳೆ ಹೇಗಿದೆ, ಉದ್ದಿಗೆ ಧಾರಣೆ ಹೇಗಿದೆ ಎಂದು ಕೇಳುತ್ತಿದ್ದರಂತೆ.

ನದಿಯೋ ಮಣ್ಣೋ, ಐಕ್ಯವುಂಟೋ ಇಲ್ಲವೋ ಎಂದು ಮನೆಯವರೆಲ್ಲ ಹೋರಾಡಿದ್ದು ಏತಕ್ಕೆಂದು ಆಗ ನಮಗೆ ತಿಳಿಯಿತು. ಕ್ರಿಯೆಯಲ್ಲಿ ಲೋಪವಾಯಿತೆಂದು ದೂರದ ಮಗಳನ್ನು ದೂಷಿಸುತ್ತಿರುವವರೆಗೆ ತಮ್ಮ ಲೋಪವನ್ನು ನೋಡಬೇಕಾಗಿಲ್ಲವಷ್ಟೆ. ಸತ್ತವರಿಗಾಗಿ ಅಳುವಾಗ ನಾವು ಎಷ್ಟೋ ಸಲ ನಮಗಾಗಿಯೇ ಅಳುತ್ತಿರುತ್ತೇವೆ. ಅಂತಹ ಅಳುವನ್ನು ಶರಣರು ಜರೆಯಲಿಲ್ಲ, ಆದರೆ ಅದನ್ನು ಭಕ್ತಿಯೆಂದೂ ಕರೆಯಲಿಲ್ಲ. ಅಂತರಂಗದ ಶುದ್ಧಿಯೆಂದರೆ ಸ್ನಾನದಿಂದ ಬರುವಂತಹುದಲ್ಲ. ಇಂತಹ ಹೊತ್ತಿನಲ್ಲಿ ಬಾಯಿಬಿಟ್ಟು ನಿಜವನ್ನು ಆಡುವುದರಿಂದಲೇ ಅದು ಮೊದಲಾಗುತ್ತದೆ. ನಾವು ಆ ಭಕ್ತರಿಗೆ ಪ್ರಾಯಶ್ಚಿತ್ತವನ್ನೇನೂ ವಿಧಿಸಲಿಲ್ಲ. "ತಮ್ಮಾ, ಇದನ್ನು ನನಗೆ ಹೇಳಿದೆ, ಸಂತೋಷ. ಹೇಳಬೇಕಾದವಳು ಆ ಮಗಳು. ಇಂದೇ ಹೇಳು" ಎಂದೆವು.

ಹೇಳಿದರು. ಆ ಮಾತುಕತೆ ಹೇಗೆ ನಡೆಯಿತೆಂದು ಅವರು ತಿಳಿಸಲಿಲ್ಲ, ನಾವೂ ಕೇಳಲಿಲ್ಲ. ಎರಡು ದಿನಗಳ ಮೇಲೆ ಮಗಳೇ ನಮ್ಮೊಡನೆ ದೂರವಾಣಿಯಲ್ಲಿ ಮಾತನಾಡಿದಳು. ಕನ್ನಡ ತಡವರಿಸುತ್ತದೆ, ಆದರೆ ಬೀದರಿನ ಕನ್ನಡವೇ. ತಾಯಿಯ ಇಷ್ಟಲಿಂಗವನ್ನು ಚಿತೆಗೆ ಕೊಡಲು ಮನಸ್ಸಾಗದೆ ಕರಡಿಗೆಯೊಡನೆ ತೆಗೆದಿರಿಸಿಕೊಂಡಿದ್ದಾಳೆ. ಅದನ್ನು ತಾನು ಕಟ್ಟಿಕೊಳ್ಳಬಹುದೇ ಎಂಬುದು ಅವಳ ಪ್ರಶ್ನೆ. ಇದಕ್ಕೆ ನಾವು ಸ್ಪಷ್ಟವಾಗಿ ಹೇಳಬೇಕಾಯಿತು. ಇಷ್ಟಲಿಂಗವು ಗುರುವು ಒಬ್ಬರ ಕೈಗೆ ಕೊಟ್ಟುದು; ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಆಸ್ತಿಯಲ್ಲ, ಅದರಲ್ಲಿ ಯಾರಿಗೂ ಪಾಲಿಲ್ಲ. ತಾಯಿಯ ಲಿಂಗವು ತಾಯಿಯ ಭಸ್ಮದೊಡನೆ ಭೂಮಿಯನ್ನು ಸೇರಲಿ. ಬೆಳ್ಳಿಯ ಕರಡಿಗೆ ಬೆಳ್ಳಿಯಷ್ಟೆ. ಅದನ್ನು ನೀನು ಇಟ್ಟುಕೊ. ನಿನಗೆ ಲಿಂಗ ಬೇಕೆನಿಸಿದರೆ ದೀಕ್ಷೆಯನ್ನು ಪಡೆದು ನಿನ್ನದನ್ನೇ ಕಟ್ಟಿಕೊ ಎಂದೆವು.

ಭಸ್ಮವನ್ನು ನದಿಗೆ ಬಿಡುವುದು ಬೇಡವೆಂದು ನಿಶ್ಚಯವಾಗಿದೆ. ಭಾಲ್ಕಿಯ ಕಡೆಗಿರುವ ಅವರ ಹೊಲದಲ್ಲಿ, ತಂತಿ ತಲಪುವ ಮೊದಲೇ ಮಣ್ಣಾಗಿದ್ದ ಆ ಹೆತ್ತ ತಾಯಿಯ ಸಮಾಧಿಯ ಬಲಕ್ಕೆ ಜಾಗವನ್ನು ಗುರುತಿಸಿದ್ದಾರೆ. ಮಗಳು ಲಿಂಗವನ್ನು ತೆಗೆದುಕೊಂಡು ಬರುವ ಶ್ರಾವಣದಲ್ಲಿ ಬರುತ್ತಾಳೆ. ಒಂದು ತಿಂಗಳು ಇರುವಳಂತೆ. ಗಾಂಧಿ ಗಂಜದ ಮನೆಯ ಮೇಲಿನ ಕೋಣೆಯಿಂದ ಹಮಾಲರು ಚೀಲಗಳನ್ನು ಕೆಳಗಿಳಿಸುತ್ತಿದ್ದುದನ್ನು ನಿನ್ನೆ ಆ ದಾರಿಯಲ್ಲಿ ಬರುವಾಗ ನಾವೇ ಕಂಡೆವು.